ಚಿಕ್ಕವು ಮೊದಲು

ನಮ್ಮ ಮಾವನಿಗೆ ಎರಡು ಕಸುಬು. ಹಗಲು ಡ್ರೈವಿಂಗ್ ಸ್ಕೂಲು, ಸಂಜೆ ನಾಟಕ. ಎರಡನ್ನೂ ಒಂದೇ ಥರ ಮಾಡುತ್ತಾರೆ ಅನ್ನುವುದೇ ತೊಂದರೆ. ಪಾತ್ರಧಾರಿ ಬಾಯಿ ತೆರೆದರೆ ಸಾಕು, "ಸ್ಲೋ, ಸ್ಲೋ, ಈಗ ಎಡಕ್ಕೆ ತಗೋ, ಕನ್ನಡಿ ನೋಡು" ಅನ್ನುತ್ತಾರೆ. ಯಾರಾದರೂ ಮಾತು ಮರೆತರೆ ಕುರ್ಚಿಯಲ್ಲಿ ಕೂತಲ್ಲೇ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಾರೆ. ನಾಟಕ ಬರೆಯುವವರು ಅವರೇ, ಆಡಿಸುವವರು ಅವರೇ, ಕೊನೆಗೆ ವೇದಿಕೆಗೆ ಬಂದು ಉದ್ದನೆಯ ಮಾತಾಡಿ ಚಪ್ಪಾಳೆ ಗಿಟ್ಟಿಸುವವರೂ ಅವರೇ.

ಅಮ್ಮ ಅವರ ತಂಗಿ. ಅಣ್ಣನ ನಾಟಕಗಳಲ್ಲಿ ಅಮ್ಮನಿಗೆ ಮೊದಲಿನಿಂದಲೂ ಪಾತ್ರವಿದೆ, ಮಾತಿಲ್ಲ. ಹೆಣ ಆಗಿದ್ದಾಳೆ, ಪ್ರಜ್ಞೆ ತಪ್ಪಿದ ರೋಗಿ ಆಗಿದ್ದಾಳೆ, ಉದ್ಯಾನವನದ ಪ್ರತಿಮೆ ಆಗಿದ್ದಾಳೆ. ಒಮ್ಮೆ ಬಡ್ತಿ ಸಿಕ್ಕಿ, ಮುಖದ ಮೇಲೆ ಪೇಪರ್ ಹಾಕಿಕೊಂಡು ನಿದ್ದೆ ಮಾಡುವ ಪ್ರಯಾಣಿಕಳಾದಳು. ಉಳಿದ ಹೊತ್ತೆಲ್ಲ ಪರದೆಯ ಹಿಂದೆ ಕೂತು, ಮಾತು ಮರೆತವರಿಗೆ ಪಿಸುಗುಟ್ಟುವ ಕೆಲಸ. "ನಿನ್ನ ದನಿ ಮೂರನೇ ಸಾಲಿಗೂ ಮುಟ್ಟಲ್ಲ ಕಣೇ. ಪಿಸುಗುಟ್ಟೋಕೆ ಹೇಳಿ ಮಾಡಿಸಿದ ಹಾಗಿದೆ" ಎಂದು ಮಾವ ಹೇಳುತ್ತಿದ್ದರು. ಅಮ್ಮ ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ, ಈ ಮನೆಯಲ್ಲಿ ಯಾರಿಗಾದರೂ ಇರಬೇಕಲ್ಲ.

ಅಮ್ಮನ ದನಿ ಸಣ್ಣದು, ಸುಳ್ಳಲ್ಲ. ಮೊನ್ನೆ ಮೊನ್ನೆಯವರೆಗೂ ಅವಳು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಳು. ಊರವರ ಮಕ್ಕಳನ್ನೆಲ್ಲ ಮಧ್ಯಾಹ್ನ ಮಲಗಿಸುವುದು ಅವಳ ಪಾಲು. ಒಂದು ಎದ್ದರೆ ಉಳಿದವೂ ಎದ್ದುಬಿಡುತ್ತವೆ ಎಂಬ ಭಯದಲ್ಲಿ ಬದುಕಿದ ದನಿ ಅದು. ಗಲಾಟೆ ಮಾಡುವ ಮಕ್ಕಳ ಮುಂದೆ ಕೂಗಬಾರದು, ಇನ್ನೂ ಮೆಲ್ಲಗೆ ಮಾತಾಡಬೇಕು, ಆಗ ಏನು ಹೇಳ್ತಿದಾಳೆ ಅಂತ ಕೇಳೋಕೆ ಅವೇ ಸುಮ್ಮನಾಗುತ್ತವೆ ಎನ್ನುವುದು ಅವಳ ವಾದ. ಇದನ್ನು ಮಾವನ ಮುಂದೆ ಅವಳು ಯಾವತ್ತೂ ಹೇಳಿರಲಿಲ್ಲ. ಮಾವನ ಮುಂದೆ ಯಾರಿಗೂ ಏನನ್ನೂ ಹೇಳಲು ಸಂದು ಸಿಗುವುದಿಲ್ಲ.

ಈ ಸಲದ ನಾಟಕದ ಹೆಸರು 'ಅಣ್ಣ ಬರುವ ಗಾಡಿ'. ರೈಲ್ವೆ ಸ್ಟೇಷನ್ ಪಕ್ಕದ ಮನೆಯಲ್ಲಿ ಒಬ್ಬಳೇ ಹೆಂಗಸು, ಎಂದೋ ಹೊರಟುಹೋದ ಅಣ್ಣನಿಗಾಗಿ ಕಾಯುತ್ತಾಳೆ. ಇಡೀ ನಾಟಕ ಅವಳೊಬ್ಬಳದೇ ಮಾತು. ಅವಳಿಗೆ ಉತ್ತರ ಕೊಡುವುದು ಹೊರಗಿನ ಸದ್ದುಗಳು: ಮೊದಲು ಮಳೆ, ಆಮೇಲೆ ಬರುವ ರೈಲು, ಆಮೇಲೆ ನಾಯಿ, ಫೋನು, ಪಕ್ಕದ ಮನೆಯ ಕೂಸಿನ ಅಳು, ಅಡುಗೆಮನೆಯಲ್ಲಿ ಗಾಜಿನ ಲೋಟ ಒಡೆಯುವುದು, ಹೊರಟುಹೋಗುವ ರೈಲು. ಎಂಟನೆಯದು, ಕೊನೆಯದು, ಬಾಗಿಲಿನ ಬೆಲ್. ಬೆಲ್ ಆದರೆ ಅಣ್ಣನ ಪ್ರವೇಶ. ಅಣ್ಣ ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಮಾವ ಸೂಟ್‌ಕೇಸ್ ಹಿಡಿದು ಒಳಗೆ ಬಂದು, ಇಷ್ಟು ಹೊತ್ತು ಅವಳು ಹೇಳಿದ್ದೆಲ್ಲ ಏನೇನೂ ಅಲ್ಲ ಎನ್ನುವಷ್ಟು ಉದ್ದದ ಭಾಷಣ ಬಿಗಿಯುತ್ತಾರೆ.

ಆ ಹೆಂಗಸಿನ ಪಾತ್ರ ಮಾಡಬೇಕಾಗಿದ್ದವರು ಔಷಧಿ ಅಂಗಡಿಯಾಕೆ. ಆ ಭಾಷಣವನ್ನು ಕೇಳಿ ಕೇಳಿ ಆಕೆಗೆ ತಲೆ ಕೆಟ್ಟಿತು. "ನಾನು ಅಡುಗೆ ಮಾಡ್ಬೇಕು, ನೀವು ಬಂದು ಉಂಡು ಕೈ ತೊಳ್ಕೊಂಡು ಹೋಗ್ಬೇಕಾ?" ಎಂದು ಕೇಳಿ, ಪ್ರದರ್ಶನಕ್ಕೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಬಿಟ್ಟು ಹೋದರು. ಅಷ್ಟೂ ಮಾತು ಬಾಯಿಪಾಠ ಇದ್ದದ್ದು ಪರದೆಯ ಹಿಂದೆ ಕೂತವಳಿಗೆ ಮಾತ್ರ.

ಮಾವ ಬೇರೆ ದಾರಿಯಿಲ್ಲದೆ ಆ ಪಾತ್ರವನ್ನು ಅಮ್ಮನಿಗೆ ಕೊಡಲು ಒಪ್ಪಿದರು. "ಇದೊಂದು ಸಲ ಟ್ರಯಲ್. ದನಿ ಮುಟ್ಟಿದ್ರೆ ಸರಿ. ಮುಟ್ಟಲಿಲ್ಲ ಅಂದ್ರೆ ಮತ್ತೆ ಪರದೆ ಹಿಂದೆ. ಆಮೇಲೆ ಯಾವತ್ತೂ ಕೇಳ್ಬಾರ್ದು."

"ಸರಿ ಅಣ್ಣ," ಅಂದಳು ಅಮ್ಮ. ಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಇಷ್ಟು ವರ್ಷ ಹೆಣ ಆಗಿದ್ದೆ ಕಣೇ. ಒಂದ್ಸಲ ಎದ್ದು ಮಾತಾಡಿ ಸಾಯ್ತೀನಿ," ಅಂದಳು. ನಾನು ಆವತ್ತೇ ನಿಶ್ಚಯಿಸಿದೆ, ಈ ನಾಟಕ ಹಾಳಾಗಲು ಬಿಡಬಾರದು ಎಂದು. ಸದ್ದುಗಳ ಗುಂಡಿ ಒತ್ತುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು, ನೋವಿನಿಂದ ನರಳುವವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವುದು ನನ್ನ ಉದ್ಯೋಗ. ಸರದಿ ತಪ್ಪದಂತೆ ನೋಡಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ.

ಆ ಸದ್ದುಗಳನ್ನು ಮಾವ ಸ್ವತಃ ರೆಕಾರ್ಡ್ ಮಾಡಿದ್ದರು. ಮಳೆ ಎಂದರೆ ಅವರ ಮನೆಯ ಬಚ್ಚಲಿನ ಶವರ್. ನಾಯಿ ಡ್ರೈವಿಂಗ್ ಸ್ಕೂಲಿನ ಓಣಿಯದು, ಕಲಿಯುವವರ ಕಾರಿಗೆ ಮಾತ್ರ ಬೊಗಳುತ್ತದೆ. ಕೂಸಿನ ಅಳು ಮಾತ್ರ ಶಿಶುವಿಹಾರದಿಂದ ಅಮ್ಮ ತಂದುಕೊಟ್ಟದ್ದು. ಒಂದೊಂದನ್ನೂ ಹಿಡಿದ ದಿನವೇ ಪೆನ್‌ಡ್ರೈವಿಗೆ ಹಾಕಿ ಇಟ್ಟಿದ್ದರು, ನಾಟಕದಲ್ಲಿ ಬರುವ ಕ್ರಮದಲ್ಲೇ. ಪೆನ್‌ಡ್ರೈವ್ ಕಳೆಯಬಾರದೆಂದು ಅದಕ್ಕೆ ದಾರ ಪೋಣಿಸಿ, ಹಳೆಯ ಕಾರಿನ ಗೇರ್ ಕಡ್ಡಿಯ ಗುಂಡು ಹಿಡಿಯನ್ನು ಕಟ್ಟಿದ್ದರು. ಅದನ್ನು ಯಾವ ಕಂಪ್ಯೂಟರಿಗೆ ಚುಚ್ಚಿದರೂ ಹಿಡಿ ಮೇಜಿನಿಂದ ಕೆಳಗೆ ಜೋತುಬಿದ್ದು ಗಡಿಯಾರದ ಲೋಲಕದ ಹಾಗೆ ತೂಗುತ್ತಿತ್ತು. ಸಭಾಂಗಣದಲ್ಲಿ ಮೊದಲ ರಿಹರ್ಸಲ್ ಆದಾಗ ಎಂಟೂ ಸದ್ದು ಚಾಚೂ ತಪ್ಪದೆ ಬಂದವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾವನಿಗೆ ತಮ್ಮ ಭಾಷಣದ ವಿಡಿಯೋ ಬೇಕಾಯಿತು. ಅದನ್ನು ಮುಖ್ಯ ಅತಿಥಿಗಳಿಗೆ ಕೊಡಬೇಕಂತೆ. ನನ್ನ ಗಂಡ ಫೋನಿನಲ್ಲಿ ಇಡೀ ರಿಹರ್ಸಲ್ ಹಿಡಿದು, ಲ್ಯಾಪ್‌ಟಾಪಿಗೆ ಇಳಿಸಿ, ಅದೇ ಪೆನ್‌ಡ್ರೈವಿಗೆ ಹಾಕಲು ಕೂತ. ಬೇರೆ ಪೆನ್‌ಡ್ರೈವ್ ತನ್ನಿ ಅಂದರೆ ಮಾವ ಕೇಳಲಿಲ್ಲ. "ಎರಡಾದ್ರೆ ಒಂದು ಕಳೆಯುತ್ತೆ. ಒಂದೇ ಇರ್ಲಿ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಫೈಲು ತುಂಬ ದೊಡ್ಡದು, ಹಿಡಿಯುವುದಿಲ್ಲ ಎಂದಿತು ಕಂಪ್ಯೂಟರ್.

"ಹದಿನಾರು ಜಿಬಿ ಅಂತ ಮೈಮೇಲೆ ಬರ್ಕೊಂಡಿದೆ!" ಮಾವ ಕನ್ನಡಕ ಏರಿಸಿದರು. "ನನ್ನ ವಿಡಿಯೋ ಆರು. ಜಾಗ ಇದ್ದೂ ಇಲ್ಲ ಅನ್ನುತ್ತಲ್ಲ, ಕೊಬ್ಬು ನೋಡು."

ನನ್ನ ಗಂಡ ಫ್ರಿಜ್ ರಿಪೇರಿ ಮಾಡುವವನು. ಲೋಕದಲ್ಲಿ ಸ್ಕ್ರೂ ಇರುವುದೆಲ್ಲ ತನ್ನ ಮಾತು ಕೇಳುತ್ತದೆ ಎಂದು ಅವನ ನಂಬಿಕೆ. ಸ್ಕ್ರೂ ಇಲ್ಲದ್ದರ ಮೇಲೂ ಕೈಯಾಡಿಸುತ್ತಾನೆ. "ಮಾವ, ಇದು ಫ್ರಿಜ್ ಇದ್ದ ಹಾಗೆ. ಒಳಗೆ ಜಾಗ ಬೇಕಾದಷ್ಟಿದೆ. ಆದ್ರೆ ತಟ್ಟೆಗಳನ್ನ ಹತ್ತಿರ ಹತ್ತಿರ ಜೋಡಿಸಿದಾರೆ. ಇಡೀ ಕಲ್ಲಂಗಡಿ ಹಣ್ಣು ಇಡ್ತೀನಿ ಅಂದ್ರೆ ಹೋಗಲ್ಲ. ಈ ಜೋಡಣೆಗೆ ಫ್ಯಾಟ್32 ಅಂತಾರೆ. ಒಂದೇ ಫೈಲು ನಾಲ್ಕು ಜಿಬಿ ಮೀರಿದ್ರೆ ಇದು ಮುಟ್ಟಲ್ಲ. ತಟ್ಟೆ ಬದಲಾಯಿಸ್ಬೇಕು."

"ಬದಲಾಯಿಸು ಮತ್ತೆ."

"ಬದಲಾಯಿಸ್ಬೇಕಂದ್ರೆ ಒಳಗಿನ ಸಾಮಾನೆಲ್ಲ ಖಾಲಿ ಮಾಡ್ಬೇಕು. ಅದನ್ನೇ ಫಾರ್ಮ್ಯಾಟ್ ಅನ್ನೋದು."

ಖಾಲಿ ಅಂದ ತಕ್ಷಣ ನಾನು ಕೈ ಅಡ್ಡ ಹಿಡಿದೆ. "ರೀ, ಸದ್ದುಗಳನ್ನ ಮೊದಲು ಲ್ಯಾಪ್‌ಟಾಪಲ್ಲಿ ಇಟ್ಕೊಳ್ಳಿ," ಎಂದು ಕಿರುಚಿದೆ. ಇಟ್ಟುಕೊಂಡ. ಒಂದೊಂದಕ್ಕೂ ನಾನೇ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ನಂಬರು ಹಾಕಿದೆ. ಸರದಿ ಎಂದರೆ ಸರದಿ.

ಫಾರ್ಮ್ಯಾಟ್ ಒತ್ತಿದಾಗ ಪರದೆಯ ಮೇಲೆ ಮೂರು ಹೆಸರು ಬಂದವು. ಫ್ಯಾಟ್32, ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್. ಮಾವ ಹೊಸ ಕಾರು ನೋಡಲು ಬಂದವರ ಹಾಗೆ ಹಿಂದೆ ಕೈಕಟ್ಟಿ ಬಾಗಿ ನೋಡಿದರು. "ಇದರಲ್ಲಿ ಮೈಲೇಜ್ ಯಾವುದಕ್ಕೆ ಚೆನ್ನಾಗಿದೆ?"

"ಫ್ಯಾಟ್32 ಹಳೇದು, ಎಲ್ಲ ಮಷೀನಲ್ಲೂ ಓಡುತ್ತೆ, ಭಾರ ಹೊರಲ್ಲ. ಎನ್‌ಟಿಎಫ್‌ಎಸ್ ಗಟ್ಟಿ, ಎಷ್ಟು ಭಾರ ಬೇಕಾದ್ರೂ ಹೊರುತ್ತೆ. ಎಕ್ಸ್‌ಫ್ಯಾಟ್ ನಡುವಿನದು, ಹಾವೂ ಸಾಯಬಾರ್ದು ಕೋಲೂ ಮುರೀಬಾರ್ದು ಅನ್ನೋರಿಗೆ."

"ಗಟ್ಟಿದು ಹಾಕು," ಅಂದರು ಮಾವ. ಅವರು ಜೀವನದಲ್ಲಿ ನಡುವಿನದನ್ನು ಯಾವತ್ತೂ ಆರಿಸಿದವರಲ್ಲ. ನನ್ನ ಗಂಡ ಎನ್‌ಟಿಎಫ್‌ಎಸ್ ಮಾಡಿದ, ಎಂಟು ಸದ್ದು ವಾಪಸು ಹಾಕಿದ, ಕಲ್ಲಂಗಡಿಯಂಥ ವಿಡಿಯೋವನ್ನೂ ಹಾಕಿದ. ಎಲ್ಲ ಹಿಡಿಯಿತು. ಮಾವ ಅವನ ಬೆನ್ನು ತಟ್ಟಿದರು. ಮೂಲೆಯಲ್ಲಿ ಕೂತು ಮಾತು ಒಪ್ಪಿಸಿಕೊಳ್ಳುತ್ತಿದ್ದ ಅಮ್ಮ ಒಮ್ಮೆ ತಲೆಯೆತ್ತಿ, "ಮುಂಚಿನದೇ ಕೆಲಸ ಮಾಡ್ತಿತ್ತಲ್ಲ?" ಎಂದು ಕೇಳಿದಳು. ಗಂಡಸರಿಬ್ಬರಿಗೂ ಕೇಳಿಸಲಿಲ್ಲ.

ಪ್ರದರ್ಶನದ ದಿನ ಸಂಜೆ ಸಭಾಂಗಣಕ್ಕೆ ಹೋದೆವು. ಅದನ್ನು ನೋಡಿಕೊಳ್ಳುವವರು ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡ ಮುದುಕರು, ಎಲ್ಲರ ಬಾಯಲ್ಲೂ ಬೀಗದಜ್ಜ. ಹಿಂದೆ ಯಾರೋ ತಮ್ಮ ತಂತಿ ಚುಚ್ಚಿ ಸ್ಪೀಕರ್ ಸುಟ್ಟಿದ್ದರಂತೆ. ಅಂದಿನಿಂದ ಹೊರಗಿನವರ ಲ್ಯಾಪ್‌ಟಾಪಾಗಲಿ ಫೋನಾಗಲಿ ಅಲ್ಲಿನ ಸ್ಪೀಕರಿಗೆ ಮುಟ್ಟಿಸಲು ಅವರು ಬಿಡುವುದಿಲ್ಲ. ಸದ್ದು ನುಡಿಸುವ ಅಲ್ಲಿನ ಡಬ್ಬಕ್ಕೇ ಪೆನ್‌ಡ್ರೈವ್ ಚುಚ್ಚಬೇಕು. ಆ ಡಬ್ಬಕ್ಕೆ ಎರಡು ಗುಂಡಿ. ಒಂದು ನಿಲ್ಲಿಸಲು, ಇನ್ನೊಂದು ಮುಂದಿನ ಸದ್ದಿಗೆ. ಹಿಂದಕ್ಕೆ ಹೋಗುವ ಗುಂಡಿ ಎಂದೋ ಒಳಗೆ ಬಿದ್ದುಹೋಗಿ, ಡಬ್ಬ ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ.

ನಾನು ಪೆನ್‌ಡ್ರೈವ್ ಚುಚ್ಚಿದೆ. ಗೇರ್ ಹಿಡಿ ತೂಗಿತು. ಡಬ್ಬದ ಕಿಟಕಿಯಲ್ಲಿ ಒಂದು ಸೊನ್ನೆ ಮೂಡಿ ಮಿಟುಕಿಸಿತು. ತೆಗೆದು ಊದಿ ಮತ್ತೆ ಚುಚ್ಚಿದೆ. ಸೊನ್ನೆ. ಗಂಡನ ಮುಖ ನೋಡಿದೆ. ಅವನು ಮೇಲೆ ದೀಪ ನೋಡುತ್ತಿದ್ದ.

"ಇದು ಹಳೇ ಡಬ್ಬ," ಎಂದ, ಡಬ್ಬದ್ದೇ ತಪ್ಪು ಎನ್ನುವಂತೆ. "ಎನ್‌ಟಿಎಫ್‌ಎಸ್ ಇದಕ್ಕೆ ಗೊತ್ತಿಲ್ಲ. ಫ್ಯಾಟ್32 ಇದ್ರೆ ಮಾತ್ರ ಓದುತ್ತೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಆ ಗಾದೆ ಹುಟ್ಟಿದ್ದು ನನ್ನ ಗಂಡನಂಥವನನ್ನು ನೋಡಿಯೇ ಇರಬೇಕು. ಬೈಯಲು ಹೊತ್ತಿರಲಿಲ್ಲ, ಜನ ಬಾಗಿಲಲ್ಲಿ ಸೇರುತ್ತಿದ್ದರು. ಅವನು ರಿಪೇರಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ನಾಯಕಿಯ ಮಂಚದ ಮೇಲೆ ಕೂತು ಮತ್ತೆ ಫಾರ್ಮ್ಯಾಟಿಗೆ ಕೈಹಾಕಿದ. ಮಾವ ಓಡಿ ಬಂದರು. ಕೋಟು ಹಾಕಿಕೊಂಡು, ಅಣ್ಣನ ಬಿಳಿ ಮೀಸೆ ಅರ್ಧ ಅಂಟಿಸಿಕೊಂಡಿದ್ದರು.

"ನನ್ನ ಭಾಷಣ ಹೋಗುತ್ತಾ?"

"ಲ್ಯಾಪ್‌ಟಾಪಲ್ಲಿ ಇದೆ ಮಾವ."

"ಅತಿಥಿಗಳಿಗೆ ಲ್ಯಾಪ್‌ಟಾಪ್ ಕೊಡೋಕಾಗುತ್ತಾ?" ಮಾವನ ಬಲಗಾಲು ಬ್ರೇಕ್ ಒತ್ತಿತು. ಯಾವ ಗಾಡಿಯೂ ನಿಲ್ಲಲಿಲ್ಲ. ಪೆನ್‌ಡ್ರೈವ್ ಖಾಲಿಯಾಗಿ ಫ್ಯಾಟ್32 ಆಯಿತು.

ಲ್ಯಾಪ್‌ಟಾಪಿನ ಬ್ಯಾಟರಿ ಕೆಂಪಗಾಗಿತ್ತು. ಅದು ಸಾಯುವುದರೊಳಗೆ ಎಷ್ಟು ಆಗುತ್ತೋ ಅಷ್ಟು ಸಾಗಿಸಬೇಕು ಎಂದು ನನ್ನ ಗಂಡ ಬೆವರುತ್ತ ಕುಟ್ಟಿದ. "ಚಿಕ್ಕವು ಮೊದಲು, ದೊಡ್ಡವು ಆಮೇಲೆ," ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ಗಾಡಿಗೆ ಸಾಮಾನು ಹೇರುವಾಗಲೂ ಅವನು ಹೀಗೇ ಗೊಣಗುತ್ತಾನೆ, ಹಾಗಾಗಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ಫೈಲು ಹೋಗುತ್ತಿದ್ದಂತೆ ಲ್ಯಾಪ್‌ಟಾಪ್ ಕಣ್ಣುಮುಚ್ಚಿತು. ಡಬ್ಬಕ್ಕೆ ಚುಚ್ಚಿದೆ. ಒಟ್ಟು ಎಂಟು ಎಂದು ತೋರಿಸಿತು. ಒಂದು ಸಲ ಹಾಕಿ ಕೇಳೋಣವೆಂದರೆ ಜನ ಬಂದು ಕೂತಾಗಿತ್ತು.

"ಎಂಟೂ ಇವೆ. ನಂಬರು ಬೇರೆ ಹಾಕಿದೀಯ. ಇನ್ನೇನು?" ಎಂದ ಗಂಡ.

ಮಾವ ಮೀಸೆ ಒತ್ತಿಕೊಂಡು ಬಾಗಿಲ ಹಿಂದೆ ಹೋಗಿ ನಿಂತರು. ಆ ಬಾಗಿಲ ಬಗ್ಗೆ ಒಂದು ಮಾತು ಹೇಳಬೇಕು. ಪ್ರವೇಶಕ್ಕೆ ಮುಂಚೆ ತಮ್ಮನ್ನು ಯಾರೂ ನೋಡಬಾರದೆಂದು ಮಾವ ಅದನ್ನು ವೇದಿಕೆಯ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ್ದರು, ಎರಡೂ ಬದಿಗೆ ಹಲಗೆ ಹೊಡೆಸಿದ್ದರು. ಒಬ್ಬರು ಸೂಟ್‌ಕೇಸ್ ಹಿಡಿದು ನಿಲ್ಲುವಷ್ಟು ಜಾಗ. ಒಮ್ಮೆ ಅಲ್ಲಿ ಹೋಗಿ ನಿಂತರೆ, ಹೊರಗೆ ಬರುವ ದಾರಿ ವೇದಿಕೆಯ ಮೇಲೇ. ಚಿಲಕ ಅಮ್ಮನ ಕಡೆ.

ಬೀಗದಜ್ಜನಿಗೆ ಪರದೆಯ ಹಗ್ಗ. "ಎಂಟು ಸದ್ದು ಮುಗಿದು ನನ್ನ ಮಾತು ಮುಗಿದ ಮೇಲೆ ಬೀಳಿಸಿ" ಎಂದು ಮಾವ ಹೇಳಿದ್ದರು. ಅಜ್ಜ ಮೊದಲರ್ಧ ಕೇಳಿಸಿಕೊಂಡು ತಲೆಯಾಡಿಸಿ, ಉಳಿದರ್ಧಕ್ಕೆ ಎದ್ದು ಹೋಗಿದ್ದರು.

ಪರದೆ ಎದ್ದಿತು. ಅಮ್ಮ ಕಿಟಕಿಯ ಬಳಿ ನಿಂತಿದ್ದಳು. ಮೊದಲ ಎರಡು ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ. ಹಿಂದಿನಿಂದ ಯಾರೋ, "ಜೋರಾಗಿ!" ಎಂದು ಕೂಗಿದರು. ಬಾಗಿಲ ಹಿಂದೆ ಮಾವ ಬ್ರೇಕ್ ಒತ್ತಿದ ಸದ್ದು ಮಾತ್ರ ಸ್ಪಷ್ಟವಾಗಿ ಬಂತು.

ಅಮ್ಮ ಆಕಾಶದ ಕಡೆ ನೋಡಿ ಮೊದಲ ಸೂಚನೆಯ ಮಾತು ಹೇಳಿದಳು. "ಮೋಡ ಕಟ್ಟಿದೆ. ಬಂತು, ಕೇಳಿ, ಬಂತು. ಎಷ್ಟು ಹಿತ ಈ ಸದ್ದು."

ನಾನು ಗುಂಡಿ ಒತ್ತಿದೆ.

ಗಾಜಿನ ಲೋಟ ಫಳಾರನೆ ಒಡೆಯಿತು.

ಜನ ಗೊಳ್ಳೆಂದು ನಕ್ಕರು. ಅಮ್ಮ ವೇದಿಕೆಯ ಪಕ್ಕದ ಮರೆಯಲ್ಲಿ ಕೂತಿದ್ದ ನನ್ನ ಕಡೆ ನೋಡಿದಳು. ಸಿಟ್ಟಿಲ್ಲ, ಗಾಬರಿಯಿಲ್ಲ. ಶಿಶುವಿಹಾರದಲ್ಲಿ ಯಾವುದೋ ಮೂಲೆಯಲ್ಲಿ ಏನೋ ಬಿದ್ದರೆ ನೋಡುತ್ತಿದ್ದಳಲ್ಲ, ಅದೇ ನೋಟ. ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿದಳು.

"ಬೆಕ್ಕಿಗೆ ಹಿತ ಇರ್ಬೇಕು," ಅಂದಳು. "ನನಗಿಲ್ಲ."

ಮತ್ತೆ ನಗು. ಆದರೆ ಈ ಸಲದ್ದು ಬೇರೆ ನಗು. ಅದು ಮುಗಿಯುವವರೆಗೂ ಅಮ್ಮ ಸುಮ್ಮನೆ ನಿಂತಿದ್ದಳು, ಆಮೇಲೆ ಇನ್ನೂ ಮೆಲ್ಲಗೆ ಮಾತು ಮುಂದುವರಿಸಿದಳು. ಕುರ್ಚಿಗಳ ಕಿರ್ ಕಿರ್ ನಿಂತಿತು. ಎಲ್ಲರೂ ಒಂದಿಷ್ಟು ಮುಂದಕ್ಕೆ ಬಾಗಿದ್ದರು.

ಈಗ ರೈಲು ಬರಬೇಕು. "ಗಾಡಿ ಬರೋ ಹೊತ್ತಾಯ್ತು. ನೋಡಿ, ಈಗ ನೆಲ ನಡುಗುತ್ತೆ, ಗೋಡೆ ನಡುಗುತ್ತೆ," ಎಂದು ಅಮ್ಮ ಕಿಟಕಿಯ ಸರಳು ಬಿಗಿಯಾಗಿ ಹಿಡಿದುಕೊಂಡಳು. ನಾನು ಕಣ್ಣುಮುಚ್ಚಿ ಗುಂಡಿ ಒತ್ತಿದೆ.

ಡಿಂಗ್ ಡಾಂಗ್.

ಬೆಲ್ ಆದರೆ ಪ್ರವೇಶ. ಮಾವ ತಾವೇ ಮಾಡಿದ ನಿಯಮವನ್ನು ಮೀರುವವರಲ್ಲ, ನಾಟಕ ಶುರುವಾಗಿ ಇನ್ನೂ ಕುರ್ಚಿ ಬಿಸಿಯಾಗಿಲ್ಲ ಎನ್ನುವುದು ಅವರ ಗಮನಕ್ಕೆ ಬಂದಂತಿರಲಿಲ್ಲ. ಬಾಗಿಲು ಅಲ್ಲಾಡಿತು. ಅವರು ಈಗ ಒಳಗೆ ಬಂದರೆ ಭಾಷಣ, ಭಾಷಣ ಮುಗಿದರೆ ನಾಟಕ ಮುಗಿಯಿತು, ಅಮ್ಮ ಜನ್ಮಕ್ಕೆ ಪರದೆಯ ಹಿಂದೆ. ನಾನು ಸ್ಟೂಲಿನಿಂದ ಎದ್ದೇ ಬಿಟ್ಟೆ.

ಅಮ್ಮ ಹೋಗಿ ಚಿಲಕ ತೆಗೆದಳು. ಬಾಗಿಲು ಒಂದು ಗೇಣು ತೆರೆಯಿತು. ಮೊದಲು ಸೂಟ್‌ಕೇಸು ಬಂತು, ಆಮೇಲೆ ಒಂದು ಬೂಟು, ಆಮೇಲೆ ಮಾವನ ಮೀಸೆ.

"ತಂಗೀ," ಎಂದು ಮಾವ ಗಂಟಲು ಬಿಚ್ಚಿದರು.

"ಈಗ ಬೇಡ," ಅಂದಳು ಅಮ್ಮ. "ನನ್ನ ಮಾತು ಇನ್ನೂ ಮುಗಿದಿಲ್ಲ. ಹೊರಗೇ ನಿಂತಿರು."

ಬೂಟನ್ನು ತನ್ನ ಕಾಲಿನಿಂದ ಮೆಲ್ಲಗೆ ಆಚೆ ತಳ್ಳಿ ಬಾಗಿಲು ಮುಚ್ಚಿದಳು. ಚಿಲಕ ಹಾಕಿದಳು. ಜನರ ಕಡೆ ತಿರುಗಿ, "ಏನೋ ಮಾರೋಕೆ ಬಂದೋರು. ಪೆಟ್ಟಿಗೆ ತುಂಬ ಮಾತು ತುಂಬ್ಕೊಂಡು ಬಂದುಬಿಡ್ತಾರೆ," ಅಂದಳು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ನನ್ನ ಗಂಡ ಹಣೆ ಚಚ್ಚಿಕೊಂಡು ನನ್ನ ಕಿವಿಗೆ ಬಂದ. "ಲೋಟ, ಬೆಲ್... ಗೊತ್ತಾಯ್ತು ಕಣೇ! ಈ ಡಬ್ಬ ಹೆಸರೂ ನೋಡಲ್ಲ ನಂಬರೂ ನೋಡಲ್ಲ. ನಾನು ಯಾವುದನ್ನ ಮೊದಲು ತುಂಬಿದ್ನೋ ಅದನ್ನೇ ಮೊದಲು ಬಿಡ್ತಿದೆ. ನಾನು ಚಿಕ್ಕವು ಮೊದಲು ತುಂಬಿದೆ."

"ಹಾಗಾದ್ರೆ ಮುಂದೆ ಯಾವುದು?"

"ನಾಯಿ. ಆಮೇಲೆ ಫೋನು, ಕೂಸು, ಹೋಗೋ ರೈಲು, ಬರೋ ರೈಲು. ಕೊನೇಗೆ ಮಳೆ, ಅದೇ ಎಲ್ಲಕ್ಕಿಂತ ದೊಡ್ಡದು."

ಸರದಿ ಸಿಕ್ಕಿತು. ಇನ್ನು ಅಮ್ಮನಿಗೆ ತಿಳಿಸಬೇಕು. ಇಷ್ಟು ವರ್ಷ ಎಲ್ಲರಿಗೂ ಪರದೆಯ ಹಿಂದಿನಿಂದ ಹೇಳಿಕೊಟ್ಟವಳು ಅವಳು, ಅವಳಿಗೆ ಹೇಳಿಕೊಡಲು ಯಾರೂ ಇರಲಿಲ್ಲ. ಪಿಸುಗುಟ್ಟಿದರೆ ಆ ನಿಶ್ಶಬ್ದದಲ್ಲಿ ಜನರಿಗೇ ಕೇಳಿಸುತ್ತಿತ್ತು. ನಾನು ಗಂಡನಿಗೆ ಬೆರಳು ತೋರಿಸಿದೆ. ಫ್ರಿಜ್ ರಿಪೇರಿಯವನು, ಮನೆಯಲ್ಲಿ ಕೆಳಗೆ ಬಿದ್ದ ಟವಲ್ ಎತ್ತಲೂ ಬಗ್ಗದವನು, ಪರದೆಯ ಮರೆಯಲ್ಲಿ ನಾಲ್ಕು ಕಾಲಿನಲ್ಲಿ ನಿಂತು, ಬಾಯಿ ಮೇಲಕ್ಕೆತ್ತಿ, ಸದ್ದಿಲ್ಲದೆ ಬೊಗಳಿದ.

ಅಮ್ಮ ನೋಡಿದಳು. ತುಟಿಯ ಅಂಚು ಅದುರಿತು. ಬಾಗಿಲ ಕಡೆ ತಿರುಗಿ, "ಇವರು ಇನ್ನೂ ಹೋಗಿಲ್ಲ ಅನ್ಸುತ್ತೆ. ಓಣಿ ನಾಯಿಗೆ ಗೊತ್ತಾಗ್ದೆ ಇರುತ್ತಾ," ಅಂದಳು. ನಾನು ಒತ್ತಿದೆ. ನಾಯಿ ಬೊಗಳಿತು. ಬಾಗಿಲ ಹಿಂದೆ ಮಾವ ಕೆಮ್ಮಿದರು. ನಾಯಿ ಇನ್ನೂ ಜೋರಾಗಿ ಬೊಗಳಿತು. ಮೊದಲ ಸಾಲಿನಲ್ಲಿ ಕೂತ ಮುಖ್ಯ ಅತಿಥಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಆಮೇಲೆ ನಾನು ಕಿವಿಗೆ ಕೈ ಹಿಡಿದೆ. ಅಮ್ಮ ತಲೆಯಾಡಿಸಿ ಮಂಚದ ಮೇಲೆ ಕೂತಳು. ಫೋನು ಬಡಿದುಕೊಂಡಿತು. ಎತ್ತಿದಳು.

"ಹಲೋ. ಯಾರು, ಅಣ್ಣಾನಾ?" ಸ್ವಲ್ಪ ಹೊತ್ತು ಕೇಳಿಸಿಕೊಂಡಳು, ಜನ ನಗಲು ಸಿದ್ಧರಾದರು. "ಇಲ್ಲ, ನೀನು ತಡಿ. ನಿನ್ನ ಬಿಟ್ರೆ ಬೆಳಗಾಗುತ್ತೆ. ಈಗ ನಾನು ಹೇಳ್ತೀನಿ, ನೀನು ಕೇಳು."

ಈ ಮಾತು ನಾಟಕದಲ್ಲಿ ಇರಲಿಲ್ಲ. ನನಗೆ ಗೊತ್ತು, ಮಾವನಿಗೂ ಗೊತ್ತು.

"ಚಿಕ್ಕೋಳಿದ್ದಾಗ ಯಾರಾದ್ರೂ ಬಂದು ನನ್ನ ಹೆಸರು ಕೇಳಿದ್ರೆ ನೀನೇ ಹೇಳ್ತಿದ್ದೆ. ನಾನು ಬಾಯಿ ತೆರೆಯೋ ಹೊತ್ತಿಗೆ ನೀನು ಹೇಳಿ ಆಗಿರ್ತಿತ್ತು. ಹಸಿವಾಯ್ತಾ ಅಂದ್ರೆ ನೀನೇ, ಬೇಜಾರಾ ಅಂದ್ರೆ ನೀನೇ. ಪ್ರೀತಿಗೇ ಹಾಗೆ ಮಾಡ್ತಿದ್ದೆ ಅಂತ ಗೊತ್ತು. ಆದ್ರೆ ನನಗೆ ನನ್ನ ಹೆಸರು ಹೇಳೋಕೆ ಬರ್ತಿತ್ತು ಅಣ್ಣ. ಒಂದ್ಸಲ ಕಾಯ್ಬೇಕಾಗಿತ್ತು, ಅಷ್ಟೆ."

ಯಾರೂ ನಗಲಿಲ್ಲ. ಅವಳು ಇದನ್ನೆಲ್ಲ ಹೇಳಿದ್ದು ಮಗುವಿನ ಪಕ್ಕ ಕೂತು ಹೇಳುವಷ್ಟೇ ದನಿಯಲ್ಲಿ. ಕೊನೆಯ ಸಾಲಿನಲ್ಲಿ, ಜೋರಾಗಿ ಎಂದು ಕೂಗಿದ್ದ ಮನುಷ್ಯ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ. ನನಗೆ ಕಣ್ಣು ಮಂಜಾಗಿ ಗುಂಡಿ ಕಾಣಿಸಲಿಲ್ಲ. ಅಮ್ಮನ ಮೇಲಿನ ಪ್ರೀತಿ, ಇಷ್ಟು ವರ್ಷ ಈ ದನಿಯನ್ನು ಮುಚ್ಚಿಟ್ಟರಲ್ಲ ಎಂಬ ಸಿಟ್ಟು, ಎರಡೂ ಒಟ್ಟಿಗೇ ಉಕ್ಕಿ ಬಂದವು.

ಅವಳು ಫೋನು ಇಟ್ಟಳು. ನಾನು ತೋಳು ತೂಗಿ ತೋರಿಸಿದೆ. ಕೂಸು ಅತ್ತಿತು. ಇದಕ್ಕೆ ಅವಳಿಗೆ ಯಾರ ಸೂಚನೆಯೂ ಬೇಡ. ಗೋಡೆಗೆ ಕಿವಿಯಿಟ್ಟು, ಬೆರಳಿನಿಂದ ಗೋಡೆಯನ್ನೇ ತಟ್ಟುತ್ತ, "ಶ್, ಶ್, ಎಲ್ಲ ಇಲ್ಲೇ ಇದೀವಿ," ಎಂದಳು. ಕೂಸು ಅಳು ನಿಲ್ಲಿಸಿತು. ಮುಖ್ಯ ಅತಿಥಿಯ ಪಕ್ಕದಲ್ಲಿದ್ದವರೂ ನಿದ್ದೆ ಹತ್ತಿದವರಂತೆ ಆಕಳಿಸಿದರು.

ಹೋಗುವ ರೈಲು ಮೊದಲು ಹೋಯಿತು, ಬರುವ ರೈಲು ಆಮೇಲೆ ಬಂತು. "ಬರೋಕೆ ಮುಂಚೆನೇ ಹೋಗಿಬಿಡುತ್ತೆ. ಇಂಥ ಗಾಡಿಗೆ ಕಾಯ್ತಾ ಕೂತಿದೀನಿ ನೋಡಿ," ಎಂದು ಅಮ್ಮ ಹೇಳಿದ್ದಕ್ಕೆ ಬಿದ್ದ ಚಪ್ಪಾಳೆ ಮಾವನ ಭಾಷಣಕ್ಕೆ ಯಾವತ್ತೂ ಬಿದ್ದದ್ದಿಲ್ಲ. ಉಳಿದದ್ದು ಮಳೆ ಮಾತ್ರ. ನಾನು ಮೇಲಿನಿಂದ ಕೆಳಗೆ ಬೆರಳಾಡಿಸಿದೆ. ಶವರ್ ಸುರಿಯತೊಡಗಿತು.

ಅಮ್ಮ ಕಿಟಕಿಯ ಬಳಿ ನಿಂತು ಸುಮ್ಮನೆ ಕೇಳಿದಳು. ಆಮೇಲೆ ಏನೋ ನೆನಪಾದವಳಂತೆ ಬಾಗಿಲ ಕಡೆ ನೋಡಿದಳು.

"ಅಯ್ಯೋ, ಹೊರಗೆ ನಿಲ್ಲಿಸಿದೀನಿ. ನೆನೀತಿರ್ತಾನೆ," ಎಂದು ಹೋಗಿ ಚಿಲಕ ತೆಗೆದಳು.

ಬಾಗಿಲು ತೆರೆಯಿತು. ಮಾವ ಸೂಟ್‌ಕೇಸ್ ಹಿಡಿದು ಒಂದು ಹೆಜ್ಜೆ ಮುಂದಿಟ್ಟು, ಎದೆಯುಬ್ಬಿಸಿ, ಬಾಯಿ ತೆರೆದರು. ಬೀಗದಜ್ಜ ಡಬ್ಬದ ಕಿಟಕಿಯಲ್ಲಿ ಎಂಟನೇ ನಂಬರು ಬಂದದ್ದನ್ನು ನೋಡಿ ಹಗ್ಗ ಬಿಟ್ಟರು. ಪರದೆ ಬಿತ್ತು.

ಚಪ್ಪಾಳೆ ನಿಲ್ಲುವಂತೆ ಕಾಣಲಿಲ್ಲ. ಪರದೆಯ ಈಚೆ ಅಮ್ಮ ಮಂಚದ ಮೇಲೆ ಕೂತುಬಿಟ್ಟಿದ್ದಳು. ಮಾವ ಸೂಟ್‌ಕೇಸ್ ಕೆಳಗಿಡದೆ ಅವಳ ಮುಂದೆ ನಿಂತಿದ್ದರು. ಮೀಸೆ ಒಂದು ಕಡೆ ಜೋತುಬಿದ್ದಿತ್ತು. ಇನ್ನೇನು ಬೈಗುಳ ಶುರು ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ.

"ಬಾಗಿಲು ಮುಚ್ಚಿತ್ತು," ಅಂದರು ಮಾವ. "ಮುಚ್ಚಿದ ಬಾಗಿಲ ಹಿಂದೆ ನಿಂತಿದ್ದೆ. ಒಂದೊಂದು ಮಾತೂ ಕೇಳಿಸ್ತು ಕಣೇ."

ಅಮ್ಮ ಅವರ ಮುಖ ನೋಡಿದಳು. ಒಂದಿಷ್ಟು ಸರಿದು ಜಾಗ ಮಾಡಿದಳು. ಮಾವ ಸೂಟ್‌ಕೇಸ್ ಕೆಳಗಿಟ್ಟು ಅವಳ ಪಕ್ಕ ಕೂತರು.

ನನ್ನ ಗಂಡ ಗೇರ್ ಹಿಡಿ ಜೋತುಬಿದ್ದ ಪೆನ್‌ಡ್ರೈವ್ ತೂಗಾಡಿಸುತ್ತ ಬಂದ. "ಮಾವ, ಮುಂದಿನ ಪ್ರದರ್ಶನಕ್ಕೆ ಇದನ್ನ ಸರಿ ಮಾಡಿಬಿಡ್ತೀನಿ. ಎಕ್ಸ್‌ಫ್ಯಾಟ್ ಮಾಡಿ ನೋಡ್ಲಾ?"

"ಮುಟ್ಟಿದ್ರೆ ನೋಡು!" ಮಾವನ ಬಲಗಾಲು ನೆಲ ಒತ್ತಿತು. "ಅದು ಹೇಗಿದೆಯೋ ಹಾಗೇ ಇರ್ಲಿ. ಇದೇ ಸರದಿ." ಸ್ವಲ್ಪ ಹೊತ್ತು ಮೀಸೆಯನ್ನು ಅಂಟಿಸಿಕೊಳ್ಳುತ್ತ ಕೂತರು. ಆಮೇಲೆ ತಂಗಿಯ ಕಡೆ ಬಾಗಿ, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದರು. "ಅಲ್ಲ, ನನ್ನ ಆ ಭಾಷಣ... ಒಂದು ನಾಲ್ಕು ಮಾತಾದ್ರೂ..."

"ಬೆಲ್ ಆಗ್ಲಿ ಅಣ್ಣ," ಅಂದಳು ಅಮ್ಮ. "ನೋಡೋಣ."